ತಗಡಿನ ಡಬ್ಬಿಯ ಮಾವು

ನನ್ನನ್ನು ಕೊಪ್ಪಳಕ್ಕೆ ಕೊಟ್ಟಾಗ ನಮ್ಮೂರ ಹೆಂಗಸರು, ಹುಡುಗಿ ಅಂಗಡಿಯವರ ಮನೆ ಸೇರಿದಳು, ಇನ್ನು ಕೆಸರು ತುಳಿಯುವ ಕೆಲಸವಿಲ್ಲ ಎಂದು ಸಂತೋಷಪಟ್ಟರು. ನಮ್ಮದು ವಿರೂಪಾಪುರಗಡ್ಡೆ. ಸುತ್ತ ಹೊಳೆ, ನಡುವೆ ಬಂಡೆ, ಬಂಡೆಗಳ ಸಂದಿಯಲ್ಲಿ ಭತ್ತದ ಗದ್ದೆ. ಹುಟ್ಟಿದಾಗಿನಿಂದ ನೀರಿನ ಸದ್ದು ಕೇಳುತ್ತ ಬೆಳೆದವಳು ನಾನು. ಕೊಪ್ಪಳದ ಮನೆಗೆ ಬಂದ ಹೊಸದರಲ್ಲಿ ಕಿವಿಗೆ ಏನೋ ಅಡ್ಡ ಬಂದಂತೆ ಅನಿಸಿ, ಆಗಾಗ ಬೆರಳು ಹಾಕಿ ತಿರುವಿಕೊಳ್ಳುತ್ತಿದ್ದೆ. ಅದನ್ನು ನೋಡಿ ಅತ್ತೆ ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟರು. ಅಲ್ಲಿ ಸದ್ದು ಇಲ್ಲದ್ದೇ ನನ್ನ ತೊಂದರೆ ಎಂದು ಅವರಿಗೆ ಹೇಗೆ ಹೇಳಲಿ?

ಮನೆಯಲ್ಲಿ ನಾವು ಮೂರೇ ಜನ. ಯಜಮಾನರು, ಅತ್ತೆ, ನಾನು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಯಜಮಾನರದು ಕಿರಾಣಿ ಅಂಗಡಿ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಕೆಟ್ಟವರಲ್ಲ. ಕೈ ಎತ್ತಿದವರಲ್ಲ, ಕುಡಿದವರಲ್ಲ. ಆದರೆ ತಲೆಯೊಳಗೆ ಒಂದು ವಿಚಾರ ಹೊಕ್ಕರೆ ಅದರ ಹೊರತು ಬೇರೆ ಏನೂ ಕಾಣದ ಮನುಷ್ಯ.

ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಪಂಚಮಿಗೆ. ಶ್ರಾವಣ ಬಂತೆಂದರೆ ಓಣಿಯ ಸೊಸೆಯಂದಿರೆಲ್ಲ ಗಾಡಿಯ ಗಂಟೆ ಸದ್ದಿಗೆ ಹೊಸ್ತಿಲಿಗೆ ಓಡಿ ಬರುತ್ತಿದ್ದರು. ನನಗೆ ಆ ಪಂಚಮಿ ಇರಲಿಲ್ಲ. ಆಗ ತುಂಗಭದ್ರೆಗೆ ಇನ್ನೂ ಅಣೆಕಟ್ಟು ಕಟ್ಟಿರಲಿಲ್ಲ. ನಮ್ಮ ತಲೆಯ ಮೇಲೆ ಒಂದು ಮೋಡವಿಲ್ಲದಿದ್ದರೂ ಎಲ್ಲೋ ಪಡುವಣ ಕಾಡಿನ ಮಳೆಗೆ ಹೊಳೆ ತುಂಬಿ, ಗಡ್ಡೆಗೆ ಹೋಗುವ ದಾರಿ ಮುಚ್ಚಿಬಿಡುತ್ತಿತ್ತು. ಹರಗೋಲು ಹಾಕುವವರು ಹರಗೋಲನ್ನು ದಡದ ಮೇಲೆ ಬೋರಲು ಹಾಕಿ ಮನೆಗೆ ಹೋದರೆ ಮತ್ತೆ ನೀರಿಗಿಳಿಸುವುದು ದಸರೆಯ ಹೊತ್ತಿಗೆ. ಚಳಿಗಾಲದಲ್ಲಿ ಹೋಗೋಣವೆಂದರೆ ಅತ್ತೆಗೆ ಉಬ್ಬಸ. ಕುಳಿತಲ್ಲೇ ಉಸಿರಿಗೆ ಒದ್ದಾಡುವ ಅವರನ್ನು ಬಿಟ್ಟು ಹೊರಡುವುದು ಸಾಧ್ಯವಿರಲಿಲ್ಲ. ನನ್ನ ಪಾಲಿಗೆ ಉಳಿದದ್ದು ಬೇಸಿಗೆ ಒಂದೇ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಅಣ್ಣ ಬಂದ, ನಾನು ಹೋದೆ, ಬಂಡೆಯ ಮೇಲೆ ಕುಳಿತು ಕಾಲು ನೀರಿಗೆ ಬಿಟ್ಟೆ. ಎರಡನೆಯ ಬೇಸಿಗೆಗೆ ಮನೆಯೊಳಗೆ ಡಬ್ಬಿಗಳು ಬಂದವು.

ಯಜಮಾನರು ಅಂಗಡಿಯ ಪರವಾನಿಗೆಗಾಗಿ ರಾಯಚೂರಿಗೆ ಹೋದಾಗ ಒಬ್ಬ ದೊಡ್ಡ ಅಧಿಕಾರಿಯ ಬಂಗಲೆಯ ಹಿಂದೆ ಕಾಯುತ್ತ ಕುಳಿತಿದ್ದರಂತೆ. ಒಳಗೆ ಊಟ ಮುಗಿದಿತ್ತು. ಅಡುಗೆಯ ಖಾನಸಾಮ ಒಂದು ತಗಡಿನ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು, ತಳದಲ್ಲಿ ಉಳಿದಿದ್ದ ಎರಡು ಹೋಳು ಹಣ್ಣನ್ನು ಇವರ ಅಂಗೈಗೆ ಸುರಿದ. ಯಾವುದೋ ಪರದೇಶದ ಹಣ್ಣು. ಹಡಗಿನಲ್ಲಿ ಬಂದದ್ದು, ಕಿತ್ತು ಎಷ್ಟು ಕಾಲವಾಗಿದೆಯೋ ಯಾರಿಗೂ ಗೊತ್ತಿಲ್ಲ, ಆದರೂ ಈಗ ಕೊಯ್ದ ಹಾಗಿದೆ. ಯಜಮಾನರು ಊರಿಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳಿದರು.

"ಅವ್ವಾ, ಮಾವಿನಹಣ್ಣು ವರ್ಸಾನಗಟ್ಲೆ ಇಡಬಹುದು. ಕೆಡಂಗಿಲ್ಲ. ನಾ ಕಣ್ಣಾರೆ ನೋಡಿ ಬಂದೀನಿ."

"ಗುಳಂಬ ಮಾಡಿದ್ರ ನಾವೂ ಇಡತೀವಲ್ಲೋ," ಎಂದರು ಅತ್ತೆ. ಬೆಲ್ಲ ಹಾಕಿ ಕುದಿಸಿದ ಮಾವಿನಕಾಯಿಯ ಗುಳಂಬ ಪ್ರತಿವರ್ಷ ಭರಣಿಯಲ್ಲಿ ಇರುತ್ತಿತ್ತು.

"ಗುಳಂಬ ಅಲ್ಲಬೇ! ಹಣ್ಣಿಗಿ ಹಣ್ಣ ಇರತೈತಿ. ಹೋಳು ಹಂಗ ಇರತಾವ."

ಹೇಗೆ ಮಾಡುವುದೆಂದು ಖಾನಸಾಮ ಹೇಳಿದ್ದರಲ್ಲಿ ಇವರು ತಂದದ್ದು ಅರ್ಧ. ಡಬ್ಬಿಯಲ್ಲಿ ಹೋಳು ತುಂಬಬೇಕು, ಬಿಸಿ ಸಕ್ಕರೆ ಪಾಕ ಸುರಿಯಬೇಕು, ಮೇಲೆ ತಗಡು ಇಟ್ಟು ಗಾಳಿ ಆಡದಂತೆ ಬೆಸುಗೆ ಹಾಕಬೇಕು, ಅಷ್ಟೇ. ಊರಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಮಾಡುತ್ತಿದ್ದ ಒಬ್ಬ ಮುದುಕನನ್ನು ಕರೆಸಿ ತಗಡಿನಲ್ಲಿ ಸೇರು ಹಿಡಿಯುವಷ್ಟು ದೊಡ್ಡ ಡಬ್ಬಿಗಳನ್ನು ಮಾಡಿಸಿದರು. ಗಂಗಾವತಿ ಕಡೆಯ ತೋಟದಿಂದ ಜವಾರಿ ಮಾವು ಗಾಡಿಯಲ್ಲಿ ಬಂತು. ಸಿಪ್ಪೆ ಸುಲಿಯುವುದು, ಹೋಳು ಮಾಡುವುದು, ಪಾಕ ಏರಿಸುವುದು ನನ್ನ ಕೆಲಸ.

ಈ ಗುಟ್ಟು ಇನ್ನೊಬ್ಬ ಅಂಗಡಿಯವನಿಗೆ ಸಿಕ್ಕರೆ ಎಂಬ ಭಯ ಯಜಮಾನರಿಗೆ ಮೊದಲ ದಿನದಿಂದಲೇ ಇತ್ತು. ಅದಕ್ಕೆ ಕೆಲಸವೆಲ್ಲ ಕಡೆಯ ಕೋಣೆಯಲ್ಲಿ ಆಗಬೇಕೆಂದರು. ಮೊದಲು ಜೋಳದ ಚೀಲ ಇಡುತ್ತಿದ್ದ ಕೋಣೆ ಅದು. ಕಿಟಕಿ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದರಿಂದಲೇ ಹೊಗೆ ಹೋಗಬೇಕು, ಅದರಿಂದಲೇ ಬೆಳಕು ಬರಬೇಕು. ಒಲೆ ಹೂಡಿದ ಮೇಲೆ ಒಳಗಿನಿಂದ ಅಗಳಿ ಹಾಕಿಕೊಳ್ಳಬೇಕು, ಯಾರೇ ಕರೆದರೂ ತೆಗೆಯಬಾರದು.

"ಬಾವಿಕಟ್ಟಿ ಮ್ಯಾಲ ಒಂದು ಮಾತು ಬಾಯಿ ಬಿಟ್ಟೀದಿ ನೋಡು ಮತ್ತ," ಎಂದು ನನಗೆ ಹೇಳಿದರು.

ನಾನು ಬಾಯಿ ಬಿಡಲಿಲ್ಲ. ಓಣಿಯ ಹೆಂಗಸರು ಕೇಳಿದರೆ ಮುಖ ತಿರುಗಿಸುತ್ತಿದ್ದೆ. ಅವರು ಕೇಳುವುದನ್ನು ಬಿಟ್ಟರು. ಆಮೇಲೆ ಮಾತಾಡಿಸುವುದನ್ನೂ ಬಿಟ್ಟರು. ಬಾಗಿಲು ಮುಚ್ಚಿದ ಕೋಣೆ, ಒಳಗೆ ತಗಡು ಬಡಿಯುವ ಸದ್ದು, ಬೆಳಕಿಂಡಿಯಲ್ಲಿ ಹೊಗೆ. ನಾವು ಖೋಟಾ ರೂಪಾಯಿ ಹೊಡೆಯುತ್ತಿದ್ದೇವೆ ಎಂದು ಓಣಿಯಲ್ಲಿ ಮಾತು ಹುಟ್ಟಿತ್ತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಆ ಬೇಸಿಗೆ ಅಣ್ಣ ಬಂದಾಗ ಯಜಮಾನರು, "ಈ ಹಣ್ಣು ಮುಗೀಲಿ, ನಾನ ಕರಕೊಂಡು ಬಂದು ಬಿಡತೀನಿ," ಎಂದು ಕಳಿಸಿದರು. ಹಣ್ಣು ಮುಗಿಯುವಷ್ಟರಲ್ಲಿ ಹೊಳೆ ಬಂತು. ಡಬ್ಬಿಗಳನ್ನು ಅದೇ ಕೋಣೆಯಲ್ಲಿ ಹಲಗೆಯ ಮೇಲೆ ಜೋಡಿಸಿದ್ದೆವು. ಶ್ರಾವಣ ಹಿಡಿಯುವ ಮೊದಲೇ ಅವುಗಳ ಮುಚ್ಚಳ ಉಬ್ಬತೊಡಗಿದವು. ಒಂದು ಮಧ್ಯಾಹ್ನ ಅತ್ತೆ ಊಟಕ್ಕೆ ಕುಳಿತಿದ್ದಾಗ ಕೋಣೆಯೊಳಗೆ ಗುಂಡು ಹಾರಿದಂತೆ ಸದ್ದಾಯಿತು. ಅತ್ತೆ ತಾಟು ಬಿಟ್ಟು ಎದ್ದರು. ಇನ್ನೊಂದು, ಮತ್ತೊಂದು. ಬಾಗಿಲು ತೆಗೆದು ನೋಡಿದರೆ ಗೋಡೆ, ಜಂತಿ, ನೆಲ ಎಲ್ಲ ಹುಳಿತ ಮಾವಿನ ರಸ. ಅತ್ತೆ ಕೋಣೆಗೆ ಯಾರದೋ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಸುಟ್ಟರು. ಆ ಘಾಟಿಗೆ ಅವರಿಗೇ ಉಬ್ಬಸ ಹತ್ತಿತು. ಇರುವೆಗಳ ಸಾಲಿನ ನಡುವೆ ಕುಳಿತು ಆ ಗೋಡೆಗಳನ್ನು ತಿಕ್ಕಿ ತೊಳೆದವಳು ನಾನು. ಬೇಸರವಾದರೂ ಒಳಗೊಳಗೇ ಒಂದು ಹಗುರ. ಹುಚ್ಚು ಇಲ್ಲಿಗೆ ಇಳಿಯಿತು, ಬರುವ ಬೇಸಿಗೆ ನನ್ನದು ಎಂದುಕೊಂಡೆ.

ಇಳಿಯಲಿಲ್ಲ. ಯಜಮಾನರು ಮತ್ತೆ ರಾಯಚೂರಿಗೆ ಹೋಗಿ ಉಳಿದರ್ಧ ಕೇಳಿಕೊಂಡು ಬಂದರು. ಮುಚ್ಚಳದ ನಡುವೆ ದಬ್ಬಣದಷ್ಟು ಸಣ್ಣ ತೂತು ಬಿಡಬೇಕು. ಡಬ್ಬಿಯನ್ನು ಕುತ್ತಿಗೆಯತನಕ ಕುದಿಯುವ ನೀರಿನಲ್ಲಿ ನಿಲ್ಲಿಸಬೇಕು. ಆ ತೂತಿನಿಂದ ಒಳಗಿನ ಗಾಳಿ ಹಬೆಯಾಗಿ ಹೊರಬೀಳುತ್ತದೆ. ಪೂರಾ ಬಿದ್ದ ಕೂಡಲೇ ತೂತಿನ ಮೇಲೆ ಒಂದು ಹನಿ ಬೆಸುಗೆ. ಆಮೇಲೆ ಡಬ್ಬಿಯನ್ನು ಮುಳುಗಿಸಿ ಇನ್ನಷ್ಟು ಕುದಿಸಬೇಕು.

"ಎಷ್ಟೊತ್ತು ಕುದಿಸಬೇಕ್ರಿ?" ಎಂದೆ.

"ಅದನ್ನ ಕೇಳಿಲ್ಲ. ಅನ್ನ ಆಗೋವಷ್ಟು ಹೊತ್ತು ಕುದಿಸು."

ಹೀಗೆ ಎರಡನೆಯ ಸಲ ಶುರುವಾಯಿತು. ಕಲಾಯಿ ಮುದುಕ ಒಂದು ಮೂಲೆಯಲ್ಲಿ ಇದ್ದಿಲಿನ ಮೇಲೆ ಕಬ್ಬಿಣ ಕಾಸಿಕೊಂಡು ಕುಳಿತರೆ, ನಾನು ಹಂಡೆಯ ಮುಂದೆ. ಅತ್ತೆ ನಮ್ಮಿಬ್ಬರ ನಡುವೆ ಬೀಸಣಿಗೆ ಹಿಡಿದು ಕೂರುತ್ತಿದ್ದರು. ಪರ ಗಂಡಸಿನ ಜೊತೆ ಸೊಸೆಯನ್ನು ಮುಚ್ಚಿದ ಬಾಗಿಲ ಹಿಂದೆ ಬಿಡುವ ಹಾಗಿರಲಿಲ್ಲವಲ್ಲ. ಹಬೆಗೆ ಸೀರೆ ಮೈಗೆ ಅಂಟುತ್ತಿತ್ತು. ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ತುಂಡು ನೆಲದ ಮೇಲೆ ಗೋಡೆಯಿಂದ ಗೋಡೆಗೆ ಸರಿಯುತ್ತಿತ್ತು, ಅದನ್ನು ನೋಡಿ ಹೊತ್ತು ತಿಳಿಯಬೇಕು. ನಾನು ತೂತಿಗೆ ಕಿವಿ ಕೊಟ್ಟು ಕೂರುತ್ತಿದ್ದೆ. ಮೊದಲು ಬುಸುಬುಸು ಎನ್ನುತ್ತದೆ, ಆಮೇಲೆ ಸಣ್ಣಗೆ ಒಂದೇ ಎಳೆಯಾಗಿ ಸೀಟಿ ಹಾಕುತ್ತದೆ. ಆಗ "ಕಾಕಾ, ಈಗ" ಎಂದರೆ ಮುದುಕ ಹನಿ ಬಿಡುತ್ತಿದ್ದ. ಸದ್ದು ಟಕ್ಕನೆ ನಿಲ್ಲುತ್ತಿತ್ತು. ಅದು ನಿಂತ ಕ್ಷಣದಲ್ಲಿ ಪ್ರತಿಸಲ ನನ್ನ ಉಸಿರೂ ಸಿಕ್ಕಿಕೊಂಡಂತಾಗುತ್ತಿತ್ತು. ಎದ್ದು ಬಾಗಿಲು ತೆರೆದು ಓಣಿಯ ತುದಿಯತನಕ ಓಡಿಬಿಡಬೇಕೆನಿಸುತ್ತಿತ್ತು. ಅಗಳಿ ಒಳಗೇ ಇತ್ತು, ಕೈಚಾಚಿದರೆ ಸಿಗುತ್ತಿತ್ತು. ಒಂದು ದಿನವೂ ನಾನು ಕೈಚಾಚಲಿಲ್ಲ.

ಆ ವರ್ಷ ಒಂದು ದಿನ, ಕಾಲವಲ್ಲದ ಕಾಲದಲ್ಲಿ ಅತ್ತೆಗೆ ಅಲ್ಲೇ ಉಬ್ಬಸ ಬಂತು. ಮುದುಕ ಊಟಕ್ಕೆ ಹೋಗಿದ್ದ. ಹಂಡೆಯನ್ನು ಒಲೆಯ ಮೇಲೆ ಬಿಟ್ಟು ಅವರನ್ನು ಪಡಸಾಲೆಗೆ ಹೊತ್ತು ತಂದೆ. ಎದೆಗೆ ಎಣ್ಣೆ ತಿಕ್ಕಿ, ಬಿಸಿನೀರು ಕುಡಿಸಿ, ಉಸಿರು ಹದಕ್ಕೆ ಬರುವ ಹೊತ್ತಿಗೆ ಹಂಡೆಯ ನೀರು ಬತ್ತಿ ಡಬ್ಬಿಗಳು ಅರ್ಧ ಹೊರಗೆ ಕಾಣುತ್ತಿದ್ದವು. ಸಂಜೆ ಯಜಮಾನರು ಬಂದವರು ತಮ್ಮ ಅವ್ವನ ಆರೋಗ್ಯ ಕೇಳಿದರು, ನಂತರ ಡಬ್ಬಿಗಳನ್ನು ನೋಡಿ, "ಎಲ್ಲಾ ಬೆಂದು ಹಾಳಾಗಿ ಹೋಗ್ಯಾವ. ನಿನ್ನ ಲಕ್ಷ್ಯ ಎಲ್ಲಿತ್ತು?" ಎಂದು ಸಿಡುಕಿದರು.

ನವರಾತ್ರಿಯ ಹೊತ್ತಿಗೆ ಆ ವರ್ಷದ ಡಬ್ಬಿಗಳಲ್ಲಿ ಬಹಳಷ್ಟು ಉಬ್ಬಿ ತಿಪ್ಪೆಗೆ ಹೋದವು. ಉಳಿದವು ಆ ದಿನ ಮರೆತು ಕುದಿಸಿದವು ಮಾತ್ರ. ಯಜಮಾನರು ಒಂದರ ಮುಚ್ಚಳ ಕೊಯ್ದರು. ಹೋಳುಗಳು ಅರಿಸಿನದ ಬಣ್ಣದಲ್ಲಿ ಹಾಗೇ ಇದ್ದವು. ಎಳೆ ಮುರಿದಿರಲಿಲ್ಲ. ಆಶ್ವಿನ ಮಾಸದಲ್ಲಿ ಮನೆಯ ತುಂಬ ಮಾವಿನ ವಾಸನೆ. ಅತ್ತೆ ಒಂದು ಹೋಳು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಇದು ನನ್ನ ಕೈಯ ಕೆಲಸ ಎಂದು ಮನಸ್ಸು ಉಬ್ಬಿತು.

"ಈಕಿ ಕೈ ಛಲೋ ಐತಿ," ಎಂದರು ಯಜಮಾನರು. "ಇನ್ನ ಮ್ಯಾಲ ಇದನ್ನ ಈಕಿನ ಮಾಡಬೇಕು."

ಮುಂದಿನ ವರ್ಷಗಳ ಬೇಸಿಗೆಗಳೆಲ್ಲ ಆ ಮಾತಿನಲ್ಲೇ ಹೋದವು. ಡಬ್ಬಿಗಳು ಅಧಿಕಾರಿಗಳ ಮನೆಗೆ ನಜರಾನಾ ಕಾಣಿಕೆಯಾಗಿ ಹೋದವು. ಚಳಿಗಾಲದಲ್ಲಿ ಮಾವು ತಿಂದವರು ಇನ್ನಷ್ಟು ಬೇಕೆಂದು ಆಳು ಕಳಿಸಿದರು. ಅಂಗಡಿಗೆ ಎಲ್ಲಿಯೂ ತೊಡಕಿಲ್ಲದೆ ಪರವಾನಿಗೆ ಸಿಗತೊಡಗಿತು. ಹಣ್ಣಿನ ಗಾಡಿಗಳ ಸಂಖ್ಯೆ ಹೆಚ್ಚಿತು. ಅಣ್ಣ ಪ್ರತಿ ಬೇಸಿಗೆ ಬರುತ್ತಿದ್ದ, ಒಂದು ದಿನ ಇದ್ದು ಹೋಗುತ್ತಿದ್ದ. ನಾನು ಹಾಕಿದ ಹೋಳು ಕೆಡುವುದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದಂತೆ ಮನೆಯಿಂದ ಹೊರಡುವ ದಾರಿ ನನಗೆ ಸಣ್ಣದಾಗುತ್ತ ಹೋಯಿತು.

ನಾನು ಬಸುರಾದೆ. ಏಳನೆಯ ತಿಂಗಳು ಬೇಸಿಗೆಯ ಕೊನೆಗೆ ಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದರ ಬಗ್ಗೆ ಯಾರಿಗೂ ಎರಡು ಮಾತಿರಲಿಲ್ಲ. ಅಣ್ಣ ಬಸುರಿಗೆ ಮಾಡುವ ಕುಬಸಕ್ಕೆಂದು ಹಸಿರು ಸೀರೆ, ಹಸಿರು ಬಳೆ ಹಿಡಿದುಕೊಂಡು ಬಂದ. ಕುಬಸವಾಯಿತು. ಓಣಿಯವರು ಕರೆದದ್ದಕ್ಕೆ ಬಂದು, ಆರತಿ ಎತ್ತಿ, ಬೇಗ ಹೋದರು. ಮರುದಿನ ಬೆಳಿಗ್ಗೆ ಅಣ್ಣ ಗಾಡಿ ಕಟ್ಟುವ ಹೊತ್ತಿಗೆ ಗಂಗಾವತಿಯಿಂದ ಎರಡು ಗಾಡಿ ಹಣ್ಣು ಬಂದು ಬಾಗಿಲಲ್ಲಿ ನಿಂತವು.

"ಇದೊಂದು ಮುಗಿಸಿ ಹೋಗಲಿ ಬಿಡ್ರಿ," ಎಂದರು ಯಜಮಾನರು. "ಎಂಟು ದಿನದ ಮಾತು. ಆ ಹಣ್ಣು ಬ್ಯಾರೆ ಯಾರ ಕೈಗೂ ಒಗ್ಗಂಗಿಲ್ಲ."

"ಮಾವಾರ, ಹೊಳಿ ಬಂದ್ರ ಏನ್ ಮಾಡೂದ್ರಿ?" ಎಂದ ಅಣ್ಣ. ಅವನು ಮೆತ್ತಗಿನ ಮನುಷ್ಯ. ತಂಗಿಯ ಗಂಡನ ಮುಂದೆ ತಲೆ ಎತ್ತಿ ಮಾತಾಡಿ ಅಭ್ಯಾಸವಿರಲಿಲ್ಲ.

"ಇನ್ನೂ ರೋಹಿಣಿ ಮಳಿ ಬಂದಿಲ್ಲ. ಈಗ ಎಲ್ಲಿ ಹೊಳಿ?"

ಅಣ್ಣ ಕಟ್ಟೆಯ ಮೇಲೆ ಕುಳಿತು ಕಾದ. ಊರಲ್ಲಿ ಅವನ ಭತ್ತದ ಸಸಿಮಡಿ ಕಾಯುತ್ತಿತ್ತು. ನಾನು ಒಳಗೆ, ಹೊಟ್ಟೆ ಅಡ್ಡ ಬರುತ್ತದೆಂದು ಹಂಡೆಯ ಪಕ್ಕಕ್ಕೆ ತಿರುಗಿ ಕುಳಿತು ಹೋಳು ತುಂಬುತ್ತಿದ್ದೆ. ಕಾಲು ಬಾತಿದ್ದವು. ಎಂಟು ದಿನ ಕಳೆಯುವ ಮೊದಲೇ ಇನ್ನೊಂದು ಗಾಡಿ ಬಂತು. ಆ ದಿನ ಅಣ್ಣ ಬಾಗಿಲ ಹೊರಗೆ ನಿಂತು, "ತಂಗೀ, ನಾ ಹೋಗಿ ಬರತೀನಿ. ಏನ್ ಮಾಡಲಿ ಹೇಳು," ಎಂದ. ನಾನು ಒಳಗಿನಿಂದಲೇ "ಹೋಗಿ ಬಾರಣ್ಣಾ" ಎಂದೆ. ಒಲೆಯ ಮೇಲೆ ಹಂಡೆ ಇತ್ತು, ಬಾಗಿಲು ತೆಗೆಯಲಿಲ್ಲ. ಅವನ ಗಾಡಿಯ ಸದ್ದು ಓಣಿ ದಾಟುವವರೆಗೆ ಕೇಳಿಸಿತು.

ಅದಾದ ನಾಲ್ಕಾರು ದಿನಕ್ಕೆ, ಮಧ್ಯಾಹ್ನದ ಹೊತ್ತು, ಬಾಗಿಲು ಬಡಿದ ಸದ್ದು.

"ಎಲ್ಲದಾಳ ನನ್ನ ಮಗಳು?"

ಅವ್ವನ ದನಿ. ನನ್ನ ಮದುವೆಯ ನಂತರ ಅವ್ವ ಕೊಪ್ಪಳಕ್ಕೆ ಬಂದಿರಲೇ ಇಲ್ಲ. ಅಣ್ಣ ಒಬ್ಬನೇ ವಾಪಸು ಹೋದದ್ದನ್ನು ನೋಡಿ, ಒಂದು ಗಂಟು ಅಕ್ಕಿ ಬಗಲಲ್ಲಿ ಕಟ್ಟಿಕೊಂಡು, ಹರಗೋಲು ಹತ್ತಿ ಹೊಳೆ ದಾಟಿ, ಯಾರದೋ ಗಾಡಿಯಲ್ಲಿ ಗಂಗಾವತಿಗೆ, ಅಲ್ಲಿಂದ ಇನ್ನೊಬ್ಬರ ಗಾಡಿಯಲ್ಲಿ ಹಿಟ್ನಾಳಕ್ಕೆ, ಅಲ್ಲಿಂದ ನಡೆದು ಬಂದಿದ್ದಳು.

"ಬಾಗಲಾ ತಗಿ."

ನನಗೆ ಅಳು ಉಕ್ಕಿ ಬಂತು. ಆದರೆ ಬಾಯಿಂದ ಹೊರಟ ಮಾತು ಬೇರೆಯೇ. "ಅವ್ವಾ, ಈಗ ತಗಿಯಾಕ ಬರಂಗಿಲ್ಲ. ಅವರು ಬೈತಾರ. ಸ್ವಲ್ಪ ಕುಂದರು."

ಒಳಗೆ ತೂತಿನ ಸೀಟಿ. ಕಲಾಯಿ ಮುದುಕ ಕಬ್ಬಿಣ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದ. ಆಗ ಅತ್ತೆ ಬೀಸಣಿಗೆ ಕೆಳಗಿಟ್ಟರು. ನೆಲಕ್ಕೆ ಕೈಯೂರಿ ನಿಧಾನ ಎದ್ದರು. ಹೋಗಿ ಅಗಳಿ ತೆಗೆದರು.

ಅವ್ವ ಹೊಸ್ತಿಲಲ್ಲಿ ನಿಂತಳು. ಹಬೆ ಅವಳ ಮುಖಕ್ಕೆ ಹೊಡೆಯಿತು. ಒಂದು ಕ್ಷಣ ನಾನು ಅವಳಿಗೆ ಕಾಣಲಿಲ್ಲವೆಂದು ತೋರುತ್ತದೆ. ಕಂಡ ಮೇಲೆ ಅವಳು ನನ್ನನ್ನು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಅಜ್ಜಾ, ಆ ಕಡಿ ಹಿಡಿ," ಎಂದು ಮುದುಕನಿಗೆ ಹೇಳಿದಳು. ಇಬ್ಬರೂ ಸೇರಿ ಒದ್ದೆ ಗೋಣಿಯಿಂದ ಹಂಡೆಯ ಬಾಯಿ ಹಿಡಿದು, ಪಡಸಾಲೆ ದಾಟಿಸಿ, ಹಿತ್ತಲಿನ ಬೇವಿನ ಗಿಡದ ಕೆಳಗೆ ಇಳಿಸಿದರು. ಅಲ್ಲೇ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಆಮೇಲೆ ನನ್ನ ರಟ್ಟೆ ಹಿಡಿದು ಗಾಳಿಗೆ ತಂದು ಕೂರಿಸಿದಳು.

ಹಿತ್ತಲಿಗೆ ಗೋಡೆಯೇನೋ ಇತ್ತು, ಎದೆಯೆತ್ತರದ್ದು. ಅದರ ಆಚೆ ಮೊದಲು ಒಂದು ತಲೆ ಕಾಣಿಸಿತು, ಆಮೇಲೆ ನಾಲ್ಕು.

"ಅಯ್ಯ ಶಿವನ! ಮಾವಿನಹಣ್ಣೇನ್ರೀ ಇದು?" ಎಂದಳು ಪಕ್ಕದ ಮನೆಯಾಕೆ. "ನಾವ್ ಏನೇನೋ ತಿಳಕೊಂಡಿದ್ವಿ ನೋಡ್ರಿ." ಖೋಟಾ ರೂಪಾಯಿಯ ಮಾತು ಆಗಲೇ ನನಗೆ ತಿಳಿದದ್ದು. ಅವರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು. ನನಗೂ ನಗು ಬಂತು. ಎಷ್ಟು ಕಾಲದ ಮೇಲೆ ಹೆಂಗಸರ ಗುಂಪಿನಲ್ಲಿ ನಕ್ಕಿದ್ದೆನೋ.

ಊಟಕ್ಕೆ ಬಂದ ಯಜಮಾನರು ಹಿತ್ತಲಿನ ಬಾಗಿಲಲ್ಲಿ ಕಲ್ಲಾಗಿ ನಿಂತರು. ಹಂಡೆ, ಡಬ್ಬಿ, ಗೋಡೆಯ ಮೇಲಿನ ತಲೆಗಳು ಎಲ್ಲ ನೋಡಿದರು. ಅವ್ವನಿಗೆ ಕೈ ಮುಗಿಯುವುದನ್ನೂ ಮರೆತರು.

"ಇದೇನ್ ಮಾಡಿದ್ರಿ ಅತ್ತಿಯವ್ರ? ಇಷ್ಟು ವರ್ಸ ಕಾದಿಟ್ಟ ಗುಟ್ಟು ಓಣಿ ತುಂಬ ಮಾಡಿಬಿಟ್ರಲ್ಲ!"

"ಅಳಿಯಾರ, ನಿಮ್ಮ ಗುಟ್ಟು ನನಗ ಬ್ಯಾಡ್ರಿ," ಎಂದಳು ಅವ್ವ. ದನಿ ಏರಿಸಲಿಲ್ಲ. "ಈಕಿಗೆ ಏಳು ತುಂಬೈತಿ. ಆ ಖೋಲಿಯೊಳಗ ಒಂದು ಎಮ್ಮಿ ಕಟ್ಟಿದ್ರೂ ಸಾಯತೈತಿ. ನಾಳೆ ಬೆಳಿಗ್ಗಿ ಕರಕೊಂಡು ಹೋಗತೀನಿ."

ಯಜಮಾನರು ನನ್ನ ಅತ್ತೆಯ ಕಡೆ ತಿರುಗಿದರು. "ಬಾಗಲಾ ಯಾರು ತಗದ್ರು?"

"ನಾ," ಎಂದರು ಅತ್ತೆ.

ಅವರು ಆ ದಿನ ಊಟ ಮಾಡದೆ ಅಂಗಡಿಗೆ ಹೋದರು.

ಮರುದಿನ ನಮಗೆ ಹೊರಡಲಾಗಲಿಲ್ಲ. ಗಂಗಾವತಿಯಿಂದ ಬಂದ ಗಾಡಿಯವನು ಸುದ್ದಿ ತಂದ. ಮೇಲೆ ಮಳೆ ಹಿಡಿದಿದೆ, ಕೆಂಪು ನೀರು ಬಂದಿದೆ, ಹರಗೋಲು ದಡ ಹತ್ತಿವೆ. ಅವ್ವ ದಾಟಿ ಬಂದ ಮೇಲೆ ಒಂದೆರಡು ಹರಗೋಲಷ್ಟೇ ಹೋಗಿದ್ದವಂತೆ. ನನ್ನನ್ನು ಬಿಡಿಸಿಕೊಂಡು ಹೋಗಲು ಬಂದವಳು ತಾನೂ ಇಲ್ಲೇ ಸಿಕ್ಕಿಬಿದ್ದಳು. ಸುದ್ದಿ ಕೇಳಿ ಅವ್ವ ಬೇವಿನ ಬುಡದಲ್ಲಿ ಕುಳಿತುಬಿಟ್ಟಳು. ಮಗಳ ಮನೆಯಲ್ಲಿ ಮಳೆಗಾಲ ಪೂರ್ತಿ ಕೂರುವುದೆಂದರೆ ಅವಳಿಗೆ ಸಾಯುವಷ್ಟು ನಾಚಿಕೆ. ಮೊಮ್ಮಗು ಹುಟ್ಟುವತನಕ ಮಗಳ ಮನೆಯ ಅನ್ನ ಉಣ್ಣಬಾರದೆಂಬುದು ಬೇರೆ ಅವಳು ಹಿಡಿದಿದ್ದ ನೇಮ. ತಂದ ಅಕ್ಕಿಯನ್ನೇ ಹಿತ್ತಲಲ್ಲಿ ಹಿಡಿಹಿಡಿಯಾಗಿ ಬೇಯಿಸಿಕೊಂಡು, ಉಪ್ಪು ಮೆಣಸಿನಕಾಯಿ ನಂಚಿಕೊಂಡು ಉಂಡಳು.

"ಬೀಗತಿಯವ್ರ, ಹಿಂಗ ಹೊರಗ ಕುಂತು ಉಂಡ್ರ ಮಂದಿ ನಮಗ ಏನಂತಾರ್ರಿ?" ಎಂದು ಅತ್ತೆ ಎರಡು ದಿನ ಬೇಡಿಕೊಂಡರು.

"ಮಂದಿ ಏನರ ಅನ್ನಲಿ. ನನ್ನ ನೇಮ ನನಗ."

ಮೂರನೆಯ ದಿನ ಅತ್ತೆ ತಮ್ಮ ತಾಟು ಹಿಡಿದುಕೊಂಡು ಹಿತ್ತಲಿಗೆ ಬಂದು ಅವ್ವನ ಎದುರು ನೆಲದ ಮೇಲೆ ಕುಳಿತರು. ರೊಟ್ಟಿ ಮುರಿದು ಉಣ್ಣತೊಡಗಿದರು. ಅವ್ವ ತನ್ನದನ್ನು ಉಂಡಳು, ಇವರು ತಮ್ಮದನ್ನು ಉಂಡರು. ಆಮೇಲೆ ದಿನವೂ ಹಾಗೇ ನಡೆಯಿತು. ಅವ್ವನ ಅಕ್ಕಿ ಮುಗಿದಾಗ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಜೋಳದ ಹಿಟ್ಟು ಕೊಟ್ಟಳು.

ಉಳಿದ ಹಣ್ಣನ್ನು ಬೇವಿನ ಕೆಳಗೇ ಮುಗಿಸಿದೆವು. ಅವ್ವ ನನ್ನನ್ನು ಎದ್ದೇಳಗೊಡಲಿಲ್ಲ. ಸಿಪ್ಪೆ ತಾನು ಸುಲಿದಳು, ಹಂಡೆ ತಾನು ಇಳಿಸಿದಳು. ಯಜಮಾನರು ಅತ್ತ ಸುಳಿಯಲಿಲ್ಲ. ಗೋಡೆಯಾಚೆಯವರು ನೋಡಿದ್ದೇನೋ ನಿಜ. ಆದರೆ ಇಷ್ಟು ಉರಿ, ಇಷ್ಟು ಸಕ್ಕರೆ, ಇಷ್ಟು ಕಾಟ ಯಾರಿಗೆ ಬೇಕು ಎಂದು ಒಬ್ಬರೂ ಮನೆಯಲ್ಲಿ ಮಾಡಿ ನೋಡಲಿಲ್ಲ. ಅಷ್ಟು ವರ್ಷ ಬಾಗಿಲು ಮುಚ್ಚಿದ್ದು ಯಾರಿಗೂ ಬೇಡದ ಈ ಗುಟ್ಟಿಗಾಗಿ.

ಶ್ರಾವಣ ಕಳೆದು ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಕಡೆಯ ಕೋಣೆ ಬೆಚ್ಚಗಿದೆ, ಅಲ್ಲೇ ಹಾಸಿರಿ ಎಂದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ, ಒಳಗೆ ಕಾಲಿಡಲಾಗಲಿಲ್ಲ. ಅತ್ತೆ ಯಾರನ್ನೂ ಕೇಳದೆ ಪಡಸಾಲೆಗೆ ಅಡ್ಡ ಹಗ್ಗ ಕಟ್ಟಿ ತಮ್ಮ ಎರಡು ಸೀರೆ ಇಳಿಬಿಟ್ಟರು. ಅಲ್ಲೇ ಹೆತ್ತೆ. ಹೆಣ್ಣು. ಅವ್ವ ಕೂಸನ್ನು ತೊಳೆದು ಯಜಮಾನರ ಕೈಗೆ ಕೊಟ್ಟಾಗ ಅವರು ಬಹಳ ಹೊತ್ತು ಅದರ ಮುಖ ನೋಡಿದರು. ಆಮೇಲೆ, "ಅತ್ತಿಯವ್ರ, ಇನ್ನರ ಒಳಗ ಬಂದು ಉಣ್ರಿ," ಎಂದರು. ಅಷ್ಟೇ. ಅವರಿಗೆ ಅದಕ್ಕಿಂತ ಹೆಚ್ಚು ಹೇಳಲು ಬರುತ್ತಿರಲಿಲ್ಲ. ಅವ್ವ ಒಳಗೆ ಬಂದು ಉಂಡಳು.

ಹೊಳೆ ಇಳಿದ ಮೇಲೆ ಕೂಸನ್ನು ಕಟ್ಟಿಕೊಂಡು ಗಡ್ಡೆಗೆ ಹೋದೆ. ಚಳಿಗಾಲ ಕಳೆಯಿತು. ಹಣ್ಣಿನ ಕಾಲಕ್ಕೆ ಯಜಮಾನರೇ ಕರೆಯಲು ಬಂದರು, ವಾಪಸು ಹೋದೆ. ಹೋಗದೆ ಎಲ್ಲಿರಲಿ? ಅಣ್ಣನ ಹೆಂಡತಿಗೂ ಒಂದು ಮನೆ ಬೇಕಲ್ಲ. ಡಬ್ಬಿಗಳು ನಿಲ್ಲಲಿಲ್ಲ. ಬೇವಿನ ಕೆಳಗೆ ನಡೆದವು, ಅಷ್ಟೇ ವ್ಯತ್ಯಾಸ. ಅಲ್ಲಿ ಗಾಳಿ ಇತ್ತು, ಮಾತು ಇತ್ತು, ಆದರೂ ಕೂಸು ಅತ್ತರೆ ಕೈ ಬಿಡುವ ಹಾಗಿರಲಿಲ್ಲ. ನನ್ನ ಬೇಸಿಗೆಗಳೆಲ್ಲ ಹಂಡೆಯ ನೀರಿನ ಮುಂದೆಯೇ ಕಳೆದವು.

ಕೊನೆಗೆ ಡಬ್ಬಿಗಳನ್ನು ನಿಲ್ಲಿಸಿದ್ದು ಯುದ್ಧ. ಎಲ್ಲೋ ದೂರ ದೇಶದಲ್ಲಿ ನಡೆದದ್ದು. ಮೊದಲು ತಗಡು ಸಿಗದಾಯಿತು, ಆಮೇಲೆ ಸಕ್ಕರೆಗೆ ಕಂಟ್ರೋಲ್ ಬಂತು. ಮನೆಗೆ ಸಿಗುವ ಸಕ್ಕರೆ ಹಬ್ಬಕ್ಕೇ ಸಾಲದು. ಕಲಾಯಿ ಮುದುಕನೂ ತೀರಿಕೊಂಡಿದ್ದ. ಯಜಮಾನರು ಒಂದು ತಿಂಗಳು ಮುಖ ಗಂಟು ಹಾಕಿಕೊಂಡಿದ್ದು, ಆಮೇಲೆ ಎಣ್ಣೆಯ ಗಾಣದ ವಿಚಾರಕ್ಕೆ ಬಿದ್ದರು.

ಡಬ್ಬಿ ಇಲ್ಲದ ಆ ಮೊದಲ ಬೇಸಿಗೆ ನಾನು ಗಡ್ಡೆಗೆ ಹೊರಡಲು ಬಟ್ಟೆ ಗಂಟು ಕಟ್ಟುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ನಿಂತರು. ಗಂಟಿನ ತುದಿ ಸರಿ ಮಾಡಿದರು.

"ಈಗ ಕೆಲಸ ಏನೂ ಇಲ್ಲಲ್ಲ. ನನ್ನೂ ಒಮ್ಮಿ ಯಲಬುರ್ಗಾಕ ಕರಕೊಂಡು ಹೊಕ್ಕೀಯೇನು?"

"ಯಲಬುರ್ಗಾದಾಗ ಯಾರದಾರ್ರಿ ಅತ್ತಿ?"

"ನನ್ನ ತವರುಮನಿ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ಕೇಳಿರಲಿಲ್ಲ. ಅವರಿಗೊಂದು ತವರಿರಬಹುದು ಎಂದು ನನ್ನ ತಲೆಗೇ ಬಂದಿರಲಿಲ್ಲ. ಯಲಬುರ್ಗಾ ದೂರವೇನಲ್ಲ, ನಡುವೆ ಹೊಳೆಯೂ ಇಲ್ಲ. ಬೆಳಿಗ್ಗೆ ಗಾಡಿ ಕಟ್ಟಿದರೆ ಸಂಜೆಗೆ ಮುಟ್ಟುವ ಊರು. ಗಡ್ಡೆಗೆ ಆಮೇಲೆ ಹೋದರಾಯಿತೆಂದು, ಅತ್ತೆ, ನಾನು, ಮಗಳು ಅಲ್ಲಿಗೆ ಹೊರಟೆವು.

ಅವರ ಅಣ್ಣ ತೀರಿಕೊಂಡಿದ್ದರು. ಅಣ್ಣನ ಹೆಂಡತಿ ಇದ್ದರು, ಕಣ್ಣು ಸರಿಯಾಗಿ ಕಾಣಿಸುತ್ತಿರಲಿಲ್ಲ. "ಯಾರವಾ?" ಎಂದರು. ಅತ್ತೆ "ನಾ" ಎಂದರು. ಆ ಮುದುಕಿ ಕೈಚಾಚಿ ಅತ್ತೆಯ ಕೆನ್ನೆ, ಮೂಗು, ಕಿವಿ ಮುಟ್ಟಿ ನೋಡಿದರು. ಗುರುತು ಹತ್ತಿದಾಗ, "ಈಗ ಬಂದ್ಯಾ?" ಎಂದು ಬೈಯತೊಡಗಿದರು, ಬೈಯುತ್ತ ಅತ್ತರು.

ಮರುದಿನ ಹೋಳಿಗೆ ಮಾಡಿದರು. ಉಂಡ ಮೇಲೆ ಅತ್ತೆ ಪಡಸಾಲೆಯ ಬರಿ ನೆಲದ ಮೇಲೆ ತಲೆಗೆ ತೋಳು ಕೊಟ್ಟು ಮಲಗಿ, ಸಂಜೆಯತನಕ ನಿದ್ದೆ ಹೋದರು. ಹಗಲು ಹೊತ್ತಿನಲ್ಲಿ ಅವರು ಮಲಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಎದ್ದು ಮುಖ ತೊಳೆದುಕೊಳ್ಳುವಾಗ ನಾನು ಕೇಳಿದೆ.

"ಇಷ್ಟು ವರ್ಸ ಯಾಕ ಬರಲಿಲ್ಲರಿ? ಮಾವ ಬ್ಯಾಡ ಅಂತಿದ್ರೇನು?"

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಇಲ್ಲವಾ. ಯಾರೂ ಬ್ಯಾಡ ಅಂದಿದ್ದಿಲ್ಲ. ಕೆಲಸ ಮುಗೀತಿದ್ದಿಲ್ಲ, ಅಷ್ಟ."

ನಮ್ಮನ್ನು ಕೊಪ್ಪಳಕ್ಕೆ ವಾಪಸು ಕರೆದೊಯ್ಯಲು ಗಾಡಿಯವನು ಮರುದಿನ ಬೆಳಿಗ್ಗೆ ಎತ್ತು ಹೂಡಿಕೊಂಡು ಬಾಗಿಲಿಗೆ ಬಂದ. ಅತ್ತೆ ಒಳಗೆ ಅತ್ತಿಗೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಗಾಡಿಯ ಸದ್ದು ಕೇಳಿ ಅವರ ಕೈ ನಿಂತಿತು. ನಾನು ಹೊರಗೆ ಹೋಗಿ, ಇವತ್ತು ಬರುವುದಿಲ್ಲ, ಬರುವ ಸೋಮವಾರ ಬಾ ಎಂದೆ.

"ಅಲ್ಲಿ ಧಣ್ಯಾರ ಊಟಕ್ಕ ಹೆಂಗ್ರಿ ಅಕ್ಕಾ?" ಎಂದ ಅವನು.

"ಮಾಡಕೋತಾರ," ಎಂದೆ. ಅವನು ಗಾಡಿ ತಿರುಗಿಸಿದ.